ಪ್ರೊಬಯಾಟಿಕ್ ಕೊಳ್ಳುವ ಮುನ್ನ ನಿಮ್ಮ ಹೊಟ್ಟೆಯ ಮಾತು ಕೇಳಿ

ಮದುವೆ ಹಾಲ್‌ಗೆ ಕಾಲಿಟ್ಟ ಕೂಡಲೇ ಶೌಚಾಲಯ ಎಲ್ಲಿದೆ ಎಂದು ಕಣ್ಣು ಹಾಯಿಸುವವರು ನಿಮ್ಮ ಮನೆಯಲ್ಲಿದ್ದಾರೆಯೇ? ಬಸ್ಸಿನಲ್ಲಿ ದೂರ ಹೋಗಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಊಟ ಬಿಡುವವರು? ನಮಾಝ್‌ಗೆ ನಿಂತಾಗ ಹೊಟ್ಟೆ ಗುಡುಗುಟ್ಟುತ್ತದೆ, ಗ್ಯಾಸ್ ಹೋಗಿ ವುಝೂ ಮುರಿಯುತ್ತದೆ ಎಂಬ ಹೆದರಿಕೆಯಿಂದ ಮಸೀದಿಗೆ ಹೋಗುವುದನ್ನೇ ಕಡಿಮೆ ಮಾಡಿದವರು? ಏನಾಯಿತೆಂದು ಕೇಳಿ ನೋಡಿ. "ಏನಿಲ್ಲ, ಸ್ವಲ್ಪ ಗ್ಯಾಸ್" ಎಂದು ಮಾತು ತಿರುಗಿಸುತ್ತಾರೆ.

ಇಂಥವರಲ್ಲಿ ಹಲವರು ವೈದ್ಯರಿಗೆ ತೋರಿಸದೆ ಇರುವವರಲ್ಲ. ಸ್ಕ್ಯಾನಿಂಗ್ ಆಗಿದೆ, ಎಂಡೋಸ್ಕೋಪಿಯೂ ಆಗಿದೆ. ವರದಿಗಳೆಲ್ಲ 'ನಾರ್ಮಲ್'. ಆದರೂ ಹೊಟ್ಟೆನೋವು ಹೋಗಿಲ್ಲ. ಆಗ ಯಾರೋ ಸಂಬಂಧಿಕರು, ಇಲ್ಲವೇ ಮೊಬೈಲಿಗೆ ಬಂದ ಒಂದು ವೀಡಿಯೊ ಹೇಳುತ್ತದೆ: "ಪ್ರೊಬಯಾಟಿಕ್ ತಗೊಳ್ಳಿ, ಎಲ್ಲ ಸರಿಯಾಗುತ್ತದೆ." ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ಬರುತ್ತದೆ. ಹತ್ತು ದಿನ ನುಂಗಿ, ಗುಣ ಕಾಣದೆ ಇನ್ನೊಂದು ಕಂಪೆನಿಯದ್ದು ತರುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಅರ್ಧ ಮುಗಿದ ನಾಲ್ಕೈದು ಪೊಟ್ಟಣಗಳು ಉಳಿದಿರುತ್ತವೆ. ಹೊಟ್ಟೆ ಮಾತ್ರ ಹಾಗೆಯೇ ಇರುತ್ತದೆ.

ಹಾಗಾದರೆ ಪ್ರೊಬಯಾಟಿಕ್‌ನಿಂದ ಪ್ರಯೋಜನ ಇದೆಯೇ, ಇಲ್ಲವೇ? ಕೆಲವು ಪ್ರೊಬಯಾಟಿಕ್‌ಗಳಿಂದ ಕೆಲವರಿಗೆ ಸ್ವಲ್ಪ ಮಟ್ಟಿಗೆ ಇದೆ. ಆ 'ಕೆಲವರಲ್ಲಿ' ನೀವು ಇದ್ದೀರಾ ಎಂದು ತಿಳಿಯಲು ಒಂದು ಕ್ರಮವಿದೆ. ಅದನ್ನು ತಿಳಿಯದೆ ಕೊಂಡರೆ ಹಣ ಹೋಗುತ್ತದೆ. ಕೆಲವೊಮ್ಮೆ ಅದಕ್ಕಿಂತ ಬೆಲೆಬಾಳುವ ಸಮಯವೂ ಹೋಗುತ್ತದೆ.

ಐಬಿಎಸ್ ಎಂದರೇನು?

ಇರಿಟೆಬಲ್ ಬವೆಲ್ ಸಿಂಡ್ರೋಮ್, ಚುಟುಕಾಗಿ ಐಬಿಎಸ್. ಕರುಳು ಬೇಗ ಕೆರಳುವ ತೊಂದರೆ ಎನ್ನಬಹುದು. ಇದರಲ್ಲಿ ಕರುಳಿನಲ್ಲಿ ಹುಣ್ಣಾಗಲೀ ಗಡ್ಡೆಯಾಗಲೀ ಇರುವುದಿಲ್ಲ. ಕರುಳಿನ ಚಲನೆ, ಅಲ್ಲಿನ ನರಗಳ ಸೂಕ್ಷ್ಮತೆ, ಕರುಳು ಮತ್ತು ಮೆದುಳಿನ ನಡುವಿನ ಸಂಪರ್ಕ ಇವುಗಳಲ್ಲಿ ಏರುಪೇರಾಗಿರುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ಇವರಿಗೆ ಹೊಟ್ಟೆ ಬಿರಿಯುವಂತೆ ಕಾಡುತ್ತದೆ. ಆದ್ದರಿಂದ "ಎಲ್ಲ ನಿನ್ನ ಮನಸ್ಸಿನ ಭ್ರಮೆ" ಎಂದು ಮನೆಯವರು ಹೇಳುವುದು ತಪ್ಪು. ಸ್ಕ್ಯಾನಿಂಗ್‌ನಲ್ಲಿ ಕಾಣಿಸದಿದ್ದರೂ ನೋವು ನಿಜವಾದದ್ದೇ.

2016ರಲ್ಲಿ ಪ್ರಕಟವಾದ 'ರೋಮ್ 4' ಮಾನದಂಡವನ್ನು ವೈದ್ಯರು ಇಂದು ಬಳಸುತ್ತಾರೆ. ಅದರಂತೆ ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಜೊತೆಗೆ ಈ ಮೂರರಲ್ಲಿ ಎರಡಾದರೂ ಇರಬೇಕು: ನೋವಿಗೂ ಮಲವಿಸರ್ಜನೆಗೂ ಸಂಬಂಧ ಇರುವುದು, ಎಷ್ಟು ಬಾರಿ ಹೋಗುತ್ತೀರಿ ಎಂಬುದರಲ್ಲಿ ಬದಲಾವಣೆ, ಮಲ ತೀರಾ ಗಟ್ಟಿಯಾಗುವುದು ಇಲ್ಲವೇ ನೀರಾಗುವುದು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಕೆಲವರಿಗೆ ಮಲಬದ್ಧತೆ ಮುಖ್ಯ, ಕೆಲವರಿಗೆ ಭೇದಿ, ಇನ್ನು ಕೆಲವರಿಗೆ ಎರಡೂ ಸರದಿಯಲ್ಲಿ. ಹೊಟ್ಟೆ ಉಬ್ಬರ ಬಹುತೇಕ ಎಲ್ಲರಿಗೂ ಇರುತ್ತದೆ.

ನೋವೇ ಇಲ್ಲದೆ ಬರೀ ಗ್ಯಾಸ್ ಇದ್ದರೆ, ಅಥವಾ ಹಾಲು ಕುಡಿದಾಗ ಮಾತ್ರ ಹೊಟ್ಟೆ ಕೆಡುತ್ತಿದ್ದರೆ, ಅದು ಐಬಿಎಸ್ ಆಗಿರಬೇಕೆಂದಿಲ್ಲ. ಎರಡನೆಯದಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದಿರುವುದು ಕಾರಣವಾಗಿರಬಹುದು. ಅದಕ್ಕೆ ಮದ್ದು ಹಾಲು ಕಡಿಮೆ ಮಾಡುವುದೇ ಹೊರತು ಕ್ಯಾಪ್ಸೂಲ್ ಅಲ್ಲ.

ಇವು ಕಂಡರೆ ಮೊದಲು ವೈದ್ಯರ ಬಳಿಗೆ

ಪ್ರೊಬಯಾಟಿಕ್ ವಿಷಯಕ್ಕೆ ಹೋಗುವ ಮೊದಲು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಕೆಳಗಿನವುಗಳಲ್ಲಿ ಒಂದಿದ್ದರೂ ಸ್ವಂತ ಚಿಕಿತ್ಸೆ ಬೇಡ.

- ಮಲದಲ್ಲಿ ರಕ್ತ, ಅಥವಾ ಮಲ ಡಾಂಬರಿನಂತೆ ಕಪ್ಪಾಗಿರುವುದು
- ಪ್ರಯತ್ನ ಪಡದೆಯೇ ತೂಕ ಇಳಿಯುವುದು
- ರಕ್ತಹೀನತೆ
- ನೋವು ಅಥವಾ ಭೇದಿಯಿಂದ ರಾತ್ರಿ ನಿದ್ದೆಯಲ್ಲಿ ಎಚ್ಚರವಾಗುವುದು
- ಬಿಟ್ಟು ಬಿಟ್ಟು ಬರುವ ಜ್ವರ, ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಂತಾಗುವುದು
- 50 ವರ್ಷ ದಾಟಿದ ಮೇಲೆ ಮೊದಲ ಬಾರಿ ಇಂಥ ತೊಂದರೆ ಶುರುವಾಗುವುದು
- ಹತ್ತಿರದ ರಕ್ತಸಂಬಂಧಿಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್, ಕರುಳಿನ ಉರಿಯೂತ ಅಥವಾ ಸೀಲಿಯಾಕ್ ಕಾಯಿಲೆ ಇರುವುದು

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕರುಳಿನ ಕ್ಷಯ ಇಲ್ಲಿ ಅಪರೂಪವಲ್ಲ. ಅದು ಹೊಟ್ಟೆನೋವು, ಭೇದಿ, ತೂಕ ಇಳಿತದ ರೂಪದಲ್ಲೇ ಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ಕಲುಷಿತ ನೀರಿನಿಂದ ಬರುವ ಜಿಯಾರ್ಡಿಯಾ ಸೋಂಕು, ಥೈರಾಯ್ಡ್ ತೊಂದರೆ ಇವೂ ಐಬಿಎಸ್‌ನಂತೆ ಕಾಣುತ್ತವೆ. ರಕ್ತಪರೀಕ್ಷೆ ಮತ್ತು ಮಲ ಪರೀಕ್ಷೆಯಿಂದ ಇವುಗಳಲ್ಲಿ ಬಹಳಷ್ಟನ್ನು ಗುರುತಿಸಬಹುದು.

ತಾಯಂದಿರು ಗಮನಿಸಬೇಕಾದ ಮಾತೊಂದಿದೆ. 50 ದಾಟಿದ ಹೆಂಗಸರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾಗಿ ದಿನದಿನವೂ ಹಾಗೆಯೇ ಉಳಿದರೆ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾದರೆ, ಅಂಡಾಶಯದ ಪರೀಕ್ಷೆಯೂ ಆಗಬೇಕು. ಅಂಡಾಶಯದ ಕ್ಯಾನ್ಸರ್ ಹೀಗೆ ಗ್ಯಾಸಿನ ವೇಷದಲ್ಲಿ ಬರುವುದುಂಟು. ಮನೆಯವರಿಗೆಲ್ಲ ಔಷಧಿ ಮಾಡಿಸಿ ತನ್ನ ಸರದಿಯನ್ನು ಮುಂದೂಡುವ ಅಮ್ಮ, ಆರು ತಿಂಗಳು ಪ್ರೊಬಯಾಟಿಕ್ ನುಂಗುತ್ತಾ ಕೂತರೆ ಆ ಆರು ತಿಂಗಳು ಮರಳಿ ಸಿಗುವುದಿಲ್ಲ.

ಬಿರಿಯಾನಿಗೆ ಯಾವ ಅಕ್ಕಿ?

ನಮ್ಮ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಹೆಚ್ಚಿನವು ನಮಗೆ ಉಪಕಾರಿಗಳು. ಮೊಸರಿನಂಥ ಆಹಾರದ ಬ್ಯಾಕ್ಟೀರಿಯಾಗಳಿಂದ ಆರೋಗ್ಯ ಸುಧಾರಿಸಬಹುದು ಎಂಬ ವಿಚಾರವನ್ನು ನೂರು ವರ್ಷಗಳ ಹಿಂದೆ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಎಲೀ ಮೆಚ್ನಿಕಾಫ್ ಜನಪ್ರಿಯಗೊಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಸಂಸ್ಥೆಯ ತಜ್ಞರು 2001ರಲ್ಲಿ ಪ್ರೊಬಯಾಟಿಕ್‌ಗೆ ಒಂದು ವ್ಯಾಖ್ಯೆ ಕೊಟ್ಟರು. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನವಾಗುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯಾಟಿಕ್. ಇದರಲ್ಲಿ ಮೂರು ಷರತ್ತುಗಳಿವೆ: ಜೀವಂತವಾಗಿರಬೇಕು, ಸಾಕಷ್ಟು ಇರಬೇಕು, ಪ್ರಯೋಜನ ಸಾಬೀತಾಗಿರಬೇಕು.

ಮೂರನೆಯದೇ ಕಷ್ಟದ್ದು. ಏಕೆಂದರೆ 'ಪ್ರೊಬಯಾಟಿಕ್' ಒಂದು ಔಷಧಿಯ ಹೆಸರಲ್ಲ. 'ಅಕ್ಕಿ' ಎಂಬ ಮಾತಿನ ಹಾಗೆ ಅದು. ಕುಚ್ಚಲಕ್ಕಿಯೂ ಅಕ್ಕಿ, ಜೀರಾ ಸಾಲೆಯೂ ಅಕ್ಕಿ, ಬಾಸ್ಮತಿಯೂ ಅಕ್ಕಿ. ಗಂಜಿಗೆ ಕುಚ್ಚಲಕ್ಕಿ ಸೊಗಸು. ಅದನ್ನೇ ಬಿರಿಯಾನಿಗೆ ಹಾಕಿದರೆ ಊಟಕ್ಕೆ ಬಂದವರ ಮುಖ ನೋಡಲಾಗದು. ಹಾಗೆಯೇ ಪ್ರತಿಯೊಂದು ಬ್ಯಾಕ್ಟೀರಿಯಾಕ್ಕೂ ಕುಲದ ಹೆಸರು, ಜಾತಿಯ ಹೆಸರು, ಕೊನೆಗೆ ತಳಿಯ ಹೆಸರು ಅಥವಾ ಸಂಖ್ಯೆ ಇರುತ್ತದೆ. ಕೆಲಸ ಮಾಡುವುದೋ ಇಲ್ಲವೋ ಎಂಬುದು ತಳಿಯ ಮೇಲೆ ನಿಂತಿದೆ.

ಒಂದು ಉದಾಹರಣೆ ನೋಡಿ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾದ '299ವಿ' ಎಂಬ ತಳಿಯನ್ನು ಭಾರತದಲ್ಲೇ 214 ಐಬಿಎಸ್ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾಲ್ಕು ವಾರಗಳಲ್ಲಿ ಹೊಟ್ಟೆನೋವು ಮತ್ತು ಉಬ್ಬರ, ಮದ್ದಿಲ್ಲದ ಖಾಲಿ ಕ್ಯಾಪ್ಸೂಲ್ ತೆಗೆದುಕೊಂಡವರಿಗಿಂತ ಚೆನ್ನಾಗಿ ಕಡಿಮೆಯಾಗಿತ್ತು. ಇದೇ ಬ್ಯಾಕ್ಟೀರಿಯಾದ 'ಎಂಎಫ್1298' ಎಂಬ ಇನ್ನೊಂದು ತಳಿಯನ್ನು ನಾರ್ವೆಯಲ್ಲಿ 16 ಮಂದಿಗೆ ಕೊಟ್ಟು ನೋಡಿದಾಗ ತೊಂದರೆ ಹೆಚ್ಚಾಯಿತು! ಕುಲ ಒಂದೇ, ಜಾತಿ ಒಂದೇ, ತಳಿ ಮಾತ್ರ ಬೇರೆ. ಇನ್ನೂ ಒಂದು ಮಾತು: ಭಾರತದಲ್ಲಿ ಗುಣ ತೋರಿದ ಅದೇ 299ವಿ ತಳಿಯನ್ನು ದಕ್ಷಿಣ ಆಫ್ರಿಕಾದಲ್ಲಿ 81 ಮಂದಿಗೆ ಕೊಟ್ಟಾಗ ವಿಶೇಷ ಪ್ರಯೋಜನ ಕಾಣಲಿಲ್ಲ.

ಹೆಚ್ಚು ಹಾಕಿದಷ್ಟೂ ಒಳ್ಳೆಯದೇ? ಅದೂ ಅಲ್ಲ. ಬಿಫಿಡೊಬ್ಯಾಕ್ಟೀರಿಯಂ ಇನ್ಫಾಂಟಿಸ್ 35624 ಎಂಬ ತಳಿಯನ್ನು 362 ಮಹಿಳೆಯರಿಗೆ ಮೂರು ಪ್ರಮಾಣಗಳಲ್ಲಿ ಕೊಟ್ಟ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕ್ಯಾಪ್ಸೂಲಿನಲ್ಲಿದ್ದ ಬ್ಯಾಕ್ಟೀರಿಯಾ ಕೆಲವರಿಗೆ 10 ಲಕ್ಷ, ಕೆಲವರಿಗೆ 10 ಕೋಟಿ, ಇನ್ನು ಕೆಲವರಿಗೆ 1,000 ಕೋಟಿ. ಗುಣ ಕಂಡದ್ದು ನಡುವಿನ 10 ಕೋಟಿಯಲ್ಲಿ ಮಾತ್ರ. ಅತಿ ಹೆಚ್ಚಿನ ಪ್ರಮಾಣದ ಕ್ಯಾಪ್ಸೂಲಿನ ಒಳಗಿನದು ಕರಗದೆ ಅಂಟಿನ ಮುದ್ದೆಯಂತಾಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಇಷ್ಟು ಸಾವಿರ ಕೋಟಿ' ಎಂದು ಬರೆದದ್ದಕ್ಕೆ ಮರುಳಾಗಬೇಡಿ.

ತಜ್ಞರು ಒಮ್ಮತದಲ್ಲಿದ್ದಾರೆಯೇ?

ಇಲ್ಲ. 2023ರಲ್ಲಿ 82 ಪ್ರಯೋಗಗಳನ್ನು, ಒಟ್ಟು 10,332 ರೋಗಿಗಳ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಪ್ರಕಟವಾಯಿತು. ಕೆಲವು ತಳಿಗಳಿಂದ ಮತ್ತು ಮಿಶ್ರಣಗಳಿಂದ ಪ್ರಯೋಜನ ಇರಬಹುದು, ಆದರೆ ಪುರಾವೆ ದುರ್ಬಲ ಎಂಬುದು ಅದರ ತೀರ್ಮಾನ. ಆ 82ರಲ್ಲಿ ಲೋಪದ ಸಾಧ್ಯತೆ ಕಡಿಮೆ ಎನ್ನಬಹುದಾದ ಪ್ರಯೋಗಗಳು 24 ಮಾತ್ರ.

ಅಮೆರಿಕದ ಕರುಳುತಜ್ಞರ ಒಂದು ಸಂಘ 2020ರಲ್ಲಿ, ಐಬಿಎಸ್‌ಗೆ ಪ್ರೊಬಯಾಟಿಕ್ ಬಳಕೆ ಸಂಶೋಧನೆಯ ಭಾಗವಾಗಿ ಮಾತ್ರ ಇರಲಿ ಎಂದಿತು. ಅಲ್ಲಿನ ಇನ್ನೊಂದು ಸಂಘ 2021ರಲ್ಲಿ ಬೇಡ ಎಂದೇ ಸಲಹೆ ಕೊಟ್ಟಿತು. ಅದೇ ವರ್ಷ ಬ್ರಿಟನ್ನಿನ ತಜ್ಞರ ಸಂಘ, ಇಂಥದ್ದೇ ತಳಿ ಎಂದು ಶಿಫಾರಸು ಮಾಡಲಾಗದು, ಆದರೆ ಬಯಸುವವರು 12 ವಾರಗಳವರೆಗೆ ಪ್ರಯತ್ನಿಸಿ ನೋಡಬಹುದು, ಗುಣ ಕಾಣದಿದ್ದರೆ ನಿಲ್ಲಿಸಬೇಕು ಎಂದಿತು.

ಮೂರೂ ಕಡೆಯವರು ನೋಡಿದ್ದು ಹೆಚ್ಚುಕಡಿಮೆ ಅದೇ ಪುರಾವೆಗಳನ್ನು. ಆದ್ದರಿಂದ "ಖಂಡಿತ ಗುಣವಾಗುತ್ತದೆ" ಎನ್ನುವವರನ್ನೂ "ಎಲ್ಲ ಮೋಸ" ಎನ್ನುವವರನ್ನೂ ಪೂರ್ತಿಯಾಗಿ ನಂಬಬೇಡಿ. ಆರೋಗ್ಯವಂತರಲ್ಲಿ ಇದರಿಂದ ದೊಡ್ಡ ಅಪಾಯ ಕಂಡುಬಂದಿಲ್ಲ. ಹಾಗಾಗಿ ಕೈಯಲ್ಲಿ ಹಣವಿದ್ದು, ಕಾಯಿಲೆ ಐಬಿಎಸ್ ಎಂದು ಖಚಿತವಾಗಿದ್ದರೆ, ಕ್ರಮಬದ್ಧವಾಗಿ ಒಮ್ಮೆ ಪರೀಕ್ಷಿಸಿ ನೋಡುವುದರಲ್ಲಿ ತಪ್ಪಿಲ್ಲ.

ಪೊಟ್ಟಣದ ಮೇಲೆ ಏನು ನೋಡಬೇಕು?

ತಳಿಯ ಹೆಸರು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಪ್ರೊಬಯಾಟಿಕ್ ಆಹಾರದ ಲೇಬಲ್‌ನಲ್ಲಿ ಕುಲ, ಜಾತಿ, ತಳಿ ಮೂರೂ ಇರಬೇಕು. ಬರೀ 'ಲ್ಯಾಕ್ಟೋಬ್ಯಾಸಿಲಸ್' ಎಂದಷ್ಟೇ ಇದ್ದರೆ ಅದು 'ಅಕ್ಕಿ' ಎಂದು ಬರೆದ ಚೀಲದಂತೆ. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಹಲವು ಕುಲಗಳಾಗಿ ಒಡೆದಿದ್ದಾರೆ. ಹಾಗಾಗಿ ಒಂದೇ ಬ್ಯಾಕ್ಟೀರಿಯಾಕ್ಕೆ ಹಳೆಯ ಪೊಟ್ಟಣದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಕಾಣಬಹುದು. ಕೊನೆಯ ತಳಿ ಸಂಖ್ಯೆ ನೋಡಿದರೆ ಗೊಂದಲ ತೀರುತ್ತದೆ.

ಎಷ್ಟು ಜೀವಂತ, ಎಲ್ಲಿಯವರೆಗೆ: ತಯಾರಾದ ದಿನ ಎಷ್ಟಿತ್ತು ಎಂಬುದಲ್ಲ, ಬಳಕೆಯ ಕೊನೆಯ ದಿನಾಂಕದವರೆಗೆ ಎಷ್ಟು ಉಳಿದಿರುತ್ತದೆ ಎಂಬುದು ಮುಖ್ಯ. ಫ್ರಿಜ್‌ನಲ್ಲಿಡಿ ಎಂದು ಬರೆದಿದ್ದರೆ ಅಂಗಡಿಯವರು ಫ್ರಿಜ್‌ನಿಂದಲೇ ತೆಗೆದು ಕೊಟ್ಟರೇ ಎಂದು ಗಮನಿಸಿ. ಕರಾವಳಿಯ ಏಪ್ರಿಲ್ ಬಿಸಿಲಲ್ಲಿ ಕಪಾಟಿನಲ್ಲಿ ಕೂತ ಬ್ಯಾಕ್ಟೀರಿಯಾ ಬಹಳ ದಿನ ಬದುಕದು. ಬ್ಯಾಸಿಲಸ್ ಕೊಯಾಗುಲನ್ಸ್, ಬ್ಯಾಸಿಲಸ್ ಕ್ಲಾಸಿಯಂಥವು ಬೀಜದಂಥ ಗಟ್ಟಿ ರೂಪದಲ್ಲಿ ಇರುವುದರಿಂದ ಸಾಮಾನ್ಯ ಉಷ್ಣತೆಯನ್ನು ತಾಳುತ್ತವೆ.

ಜೊತೆಗೆ ಸೇರಿಸಿದ್ದು: ಇದನ್ನು ಹೆಚ್ಚಿನವರು ನೋಡುವುದಿಲ್ಲ. ಅನೇಕ ಪೊಟ್ಟಣಗಳಲ್ಲಿ ಬ್ಯಾಕ್ಟೀರಿಯಾದ ಆಹಾರವೆಂದು 'ಫ್ರಕ್ಟೋ ಆಲಿಗೊಸ್ಯಾಕರೈಡ್' (ಎಫ್‌ಒಎಸ್) ಅಥವಾ ಇನುಲಿನ್ ಸೇರಿಸಿರುತ್ತಾರೆ. ಇವು ದೊಡ್ಡ ಕರುಳಿನಲ್ಲಿ ಹುದುಗಿ ಗ್ಯಾಸ್ ಉಂಟುಮಾಡುತ್ತವೆ. ಜಗಿಯುವ ಮಾತ್ರೆಗಳಲ್ಲಿ ಸಿಹಿಗೆ ಸೇರಿಸುವ ಸಾರ್ಬಿಟಾಲ್, ಮ್ಯಾನಿಟಾಲ್ ಕೂಡ ಹಾಗೆಯೇ. ಗ್ಯಾಸಿಗೆಂದು ತಂದ ಮದ್ದೇ ಗ್ಯಾಸ್ ಹೆಚ್ಚಿಸಿದರೆ ಆಶ್ಚರ್ಯವಿಲ್ಲ. ನಿಮಗೆ ಉಬ್ಬರವೇ ಮುಖ್ಯ ತೊಂದರೆಯಾದರೆ ಇವು ಇಲ್ಲದ್ದನ್ನು ಆರಿಸಿ.

ಕ್ಯಾಪ್ಸೂಲಿನ ಹೊದಿಕೆ: ಸಾಮಾನ್ಯ ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್‌ನಿಂದ ಆದದ್ದು. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುತ್ತದೆ. ಅದು ದನದ್ದೋ ಹಂದಿಯದ್ದೋ ಎಂದು ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಚಿಂತೆ ಬೇಡ, ದಾರಿಗಳಿವೆ. 'ಹೈಪ್ರೊಮೆಲೋಸ್' ಅಥವಾ 'ಎಚ್‌ಪಿಎಂಸಿ' ಎಂದಿದ್ದರೆ ಹೊದಿಕೆ ಸಸ್ಯಮೂಲದ್ದು. ಪುಡಿಯ ಸ್ಯಾಚೆಟ್, ಸಣ್ಣ ಬಾಟಲಿಯ ದ್ರವ ರೂಪದಲ್ಲೂ ಪ್ರೊಬಯಾಟಿಕ್ ಸಿಗುತ್ತದೆ. ಅಲ್ಲಿ ಹೊದಿಕೆಯ ಪ್ರಶ್ನೆಯೇ ಇಲ್ಲ. ಆಹಾರ ಪೂರಕವಾಗಿ ಮಾರುವ ಪೊಟ್ಟಣಗಳ ಮೇಲಿನ ಹಸಿರು ಗುರುತನ್ನೂ ನೋಡಿ. ಗುರುತಿಲ್ಲದಿದ್ದರೆ ಫಾರ್ಮಸಿಸ್ಟ್ ಬಳಿ ಕೇಳಲು ಸಂಕೋಚ ಬೇಡ.

12 ವಾರಗಳ ಪರೀಕ್ಷೆ, ನಿಮ್ಮದೇ ಮನೆಯಲ್ಲಿ

ಐಬಿಎಸ್‌ಗೆ ಒಂದು ಸ್ವಭಾವವಿದೆ. ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಸಂಶೋಧನೆಗಳಲ್ಲಿ ಖಾಲಿ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಗೆ ಗುಣ ಕಾಣುವುದುಂಟು. ಹಾಗಾಗಿ ಬರೀ ಅನಿಸಿಕೆಯನ್ನು ನಂಬಿದರೆ ಮೋಸ ಹೋಗುತ್ತೀರಿ. ಒಂದು ಹಳೆಯ ನೋಟ್‌ಬುಕ್ ಸಾಕು.

ಮೊದಲ ಎರಡು ವಾರ ಏನೂ ತೆಗೆದುಕೊಳ್ಳದೆ ಬರೆದಿಡಿ: ದಿನದ ನೋವಿಗೆ 0ಯಿಂದ 10ರೊಳಗೆ ಒಂದು ಅಂಕ, ಉಬ್ಬರಕ್ಕೆ ಒಂದು ಅಂಕ, ಎಷ್ಟು ಬಾರಿ ಶೌಚಕ್ಕೆ ಹೋದಿರಿ, ಮಲ ಗಟ್ಟಿಯೋ ಮೆದುವೋ ನೀರೋ. ಇದು ನಿಮ್ಮ ಅಳತೆಗೋಲು. ಆಮೇಲೆ ವೈದ್ಯರ ಬಳಿ ಕೇಳಿ ಒಂದೇ ಒಂದು ಪ್ರೊಬಯಾಟಿಕ್ ಆರಿಸಿ, ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲಿ ದಿನವೂ ತಪ್ಪದೆ ತೆಗೆದುಕೊಳ್ಳಿ. ಅದೇ ಸಮಯದಲ್ಲಿ ಬೇರೆ ಕಷಾಯ, ಬೇರೆ ಪಥ್ಯ ಶುರುಮಾಡಬೇಡಿ. ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಮೊದಲ ಕೆಲವು ದಿನ ಗ್ಯಾಸ್ ಸ್ವಲ್ಪ ಹೆಚ್ಚಬಹುದು. ಹೆಚ್ಚಾಗುತ್ತಲೇ ಹೋದರೆ ನಿಲ್ಲಿಸಿ.

ನಾಲ್ಕು ವಾರ ಆದಾಗ ಒಮ್ಮೆ ನೋಟ್‌ಬುಕ್ ತೆರೆದು ನೋಡಿ. 12 ವಾರಕ್ಕೆ ತೀರ್ಮಾನ ಮಾಡಿ. ಅಂಕಗಳು ಸ್ಪಷ್ಟವಾಗಿ ಇಳಿದಿಲ್ಲವಾದರೆ ಆ ಹಣವನ್ನು ಮನೆಯ ಹಣ್ಣು ತರಕಾರಿಗೆ ಖರ್ಚು ಮಾಡಿ. ಇಳಿದಿದ್ದರೆ ಒಮ್ಮೆ ನಿಲ್ಲಿಸಿ ನೋಡಿ. ಜೀವನವಿಡೀ ನುಂಗಬೇಕೆಂದಿಲ್ಲ. ನಿಲ್ಲಿಸಿದ ಮೇಲೂ ಚೆನ್ನಾಗಿದ್ದರೆ ಅಷ್ಟಕ್ಕೇ ಬಿಡಬಹುದು.

ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಅದು ಪ್ರೊಬಯಾಟಿಕ್ ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದು. ಎರಡರ ನಡುವೆ ಕೆಲವು ಗಂಟೆಗಳ ಅಂತರ ಇರಲಿ. ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬುದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಅದಕ್ಕೆ ಈ ತೊಂದರೆ ಇಲ್ಲ.

ಯಾರಿಗೆ ಬೇಡ?

'ಜೀವಂತ ಬ್ಯಾಕ್ಟೀರಿಯಾ' ಎಂಬುದನ್ನು ಮರೆಯಬಾರದು. ರೋಗನಿರೋಧಕ ಶಕ್ತಿ ಕುಗ್ಗಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿಯಾದವರು, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು ವೈದ್ಯರ ಅನುಮತಿಯಿಲ್ಲದೆ ಮುಟ್ಟಲೇಬಾರದು. ನೆದರ್‌ಲ್ಯಾಂಡ್ಸ್‌ನಲ್ಲಿ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ಪ್ರೊಬಯಾಟಿಕ್ ಕೊಟ್ಟ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಪ್ರೊಬಯಾಟಿಕ್ ಪಡೆದ 152 ಮಂದಿಯಲ್ಲಿ 24 ಮಂದಿ ತೀರಿಹೋದರು. ಪಡೆಯದ 144 ಮಂದಿಯಲ್ಲಿ ತೀರಿಹೋದವರು 9. ತೀವ್ರ ಕಾಯಿಲೆಯವರಿಗೆ ಇದು ನಿರಪಾಯ ಎನ್ನಲಾಗದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಪ್ರೊಬಯಾಟಿಕ್ ಕೊಡುವುದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಿ.

ಮನೆಯ ಮೊಸರು ಸಾಲದೇ?

ಮೊಸರು ಒಳ್ಳೆಯ ಆಹಾರ. ಹಾಲು ಒಗ್ಗದ ಅನೇಕರಿಗೂ ಮೊಸರು ಒಗ್ಗುತ್ತದೆ, ಏಕೆಂದರೆ ಹಾಲಿನ ಸಕ್ಕರೆಯ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳು ಆಗಲೇ ತಿಂದು ಮುಗಿಸಿರುತ್ತವೆ. ಆದರೆ ನಿಮ್ಮ ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಇದೆ ಎಂದು ಯಾರೂ ಅಳೆದಿಲ್ಲ. ಆದ್ದರಿಂದ ಅದನ್ನು ಐಬಿಎಸ್‌ನ ಔಷಧಿ ಎನ್ನಲಾಗದು. ಒಗ್ಗಿದರೆ ಊಟದ ಕೊನೆಗೆ ಮಜ್ಜಿಗೆ ಕುಡಿಯಿರಿ, ಅಷ್ಟೇ.

ಕ್ಯಾಪ್ಸೂಲಿಗಿಂತ ಮೊದಲು ಅಡುಗೆಮನೆ

ಪ್ರೊಬಯಾಟಿಕ್‌ಗಿಂತ ಗಟ್ಟಿಯಾದ ಪುರಾವೆ ಇರುವ, ಅಗ್ಗದ ಉಪಾಯಗಳಿವೆ. ಮೊದಲನೆಯದು ಇಸಬ್‌ಗೋಲ್. ದಿನಕ್ಕೆ 3-4 ಗ್ರಾಂನಿಂದ, ಅಂದರೆ ಸಣ್ಣ ಚಮಚದಿಂದ, ಶುರುಮಾಡಿ ಸಾಕಷ್ಟು ನೀರಿನೊಂದಿಗೆ ನಿಧಾನವಾಗಿ ಹೆಚ್ಚಿಸಬೇಕು. ಗೋಧಿ ತವುಡು ಬೇಡ, ಅದು ನೋವು, ಉಬ್ಬರ ಹೆಚ್ಚಿಸಬಹುದು.

ಎರಡನೆಯದು ಆಹಾರ. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ತಜ್ಞರು ರೂಪಿಸಿದ 'ಲೋ ಫಾಡ್‌ಮ್ಯಾಪ್' ಪಥ್ಯದಲ್ಲಿ, ಕರುಳಿನಲ್ಲಿ ಹುದುಗುವ ಕೆಲವು ಸಕ್ಕರೆಗಳಿರುವ ಆಹಾರವನ್ನು ಕೆಲವು ವಾರ ಬಿಟ್ಟು, ಮತ್ತೆ ಒಂದೊಂದಾಗಿ ತಿಂದು ಪರೀಕ್ಷಿಸುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆ, ಹಾಲು, ಕಲ್ಲಂಗಡಿ, ಹೂಕೋಸು ಈ ಪಟ್ಟಿಯಲ್ಲಿವೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರೇ ನಮ್ಮ ಮನೆಗಳಲ್ಲಿ ಅಪರೂಪ. ಒಂದು ಉಪಾಯವಿದೆ: ಅವುಗಳಲ್ಲಿ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕರಿದು, ಎಸಳುಗಳನ್ನು ತೆಗೆದುಬಿಟ್ಟು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ಪರಿಮಳ ಸಿಗುತ್ತದೆ, ಹೊಟ್ಟೆಯೂ ಸುಮ್ಮನಿರುತ್ತದೆ. ಪಥ್ಯವನ್ನು ಆಹಾರ ತಜ್ಞರ ಸಲಹೆಯಲ್ಲಿ, ಕೆಲವು ವಾರ ಮಾತ್ರ ಮಾಡಿ. ವರ್ಷಗಟ್ಟಲೆ ಬಿಟ್ಟರೆ ಪೋಷಣೆ ಕಡಿಮೆಯಾಗುತ್ತದೆ.

ರಮಝಾನ್‌ನಲ್ಲಿ ದಿನವಿಡೀ ಖಾಲಿಯಿದ್ದ ಹೊಟ್ಟೆಗೆ ಒಂದೇ ಸಲ ಶರಬತ್ತು, ಸಮೋಸಾ, ಕಲ್ಲಂಗಡಿ, ಬಿರಿಯಾನಿ ಬಿದ್ದರೆ ಐಬಿಎಸ್ ಕರುಳು ಕೆರಳದೆ ಇರದು. ಖರ್ಜೂರ, ನೀರಿನಿಂದ ಉಪವಾಸ ಬಿಟ್ಟು, ನಮಾಝ್ ಮುಗಿಸಿ, ಆಮೇಲೆ ಹಿತವಾಗಿ ಉಣ್ಣುವುದು ಕರುಳಿಗೂ ಒಳ್ಳೆಯದು. ದಿನಕ್ಕೊಮ್ಮೆಯ ಪ್ರೊಬಯಾಟಿಕ್ ಅನ್ನು ಇಫ್ತಾರ್ ನಂತರವೋ ಸಹರಿಗೋ ತೆಗೆದುಕೊಳ್ಳಬಹುದು. 12 ವಾರದ ಪರೀಕ್ಷೆಯನ್ನು ಮಾತ್ರ ರಮಝಾನ್‌ನಲ್ಲಿ ಶುರುಮಾಡಬೇಡಿ. ಊಟದ ಹೊತ್ತು ಬದಲಾಗಿರುವುದರಿಂದ ಲೆಕ್ಕ ತಪ್ಪುತ್ತದೆ.

ಮೂರನೆಯದು ವೈದ್ಯರು ಕೊಡುವ ಔಷಧಿ. ಖಿನ್ನತೆಗೆ ಬಳಸುವ ಕೆಲವು ಮಾತ್ರೆಗಳನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಐಬಿಎಸ್‌ಗೆ ಕೊಡುತ್ತಾರೆ. "ನನಗೆ ಹುಚ್ಚೇ?" ಎಂದು ಅದನ್ನು ಎಸೆಯಬೇಡಿ. ಅದು ಕರುಳಿನ ನರಗಳ ಕೆರಳಿಕೆಯನ್ನು ತಗ್ಗಿಸುತ್ತದೆ.

ಕೈ ತೊಳೆಯುವುದೂ ಮದ್ದೇ

ಹತ್ತು ಮಂದಿಗೆ ಕರುಳಿನ ಸೋಂಕು ಬಂದರೆ ಹೆಚ್ಚುಕಡಿಮೆ ಒಬ್ಬರಿಗೆ ಭೇದಿ ನಿಂತ ಮೇಲೂ ಐಬಿಎಸ್ ಉಳಿದುಬಿಡುತ್ತದೆ. ಕೆನಡಾದ ವಾಕರ್ಟನ್ ಎಂಬ ಪಟ್ಟಣದಲ್ಲಿ 2000ನೇ ಇಸವಿಯಲ್ಲಿ ಕುಡಿಯುವ ನೀರು ಕಲುಷಿತವಾಗಿ ಸಾವಿರಾರು ಮಂದಿ ಕಾಯಿಲೆ ಬಿದ್ದರು. ವರ್ಷಗಳ ನಂತರವೂ ಅವರಲ್ಲಿ ಅನೇಕರಿಗೆ ಐಬಿಎಸ್ ಇತ್ತು. ಆದ್ದರಿಂದ ಕುದಿಸಿ ಆರಿಸಿದ ನೀರು, ಶೌಚದ ನಂತರ ಮತ್ತು ಅಡುಗೆಗೆ ಮುನ್ನ ಸಾಬೂನಿನಲ್ಲಿ ತೊಳೆದ ಕೈ, ಮಳೆಗಾಲದಲ್ಲಿ ಬಾವಿ ಮತ್ತು ನೀರಿನ ಟ್ಯಾಂಕಿನ ಶುಚಿತ್ವ, ಇವು ಯಾವ ಪ್ರೊಬಯಾಟಿಕ್‌ಗಿಂತಲೂ ಮೊದಲಿನ ರಕ್ಷಣೆ.

ನಾಚಿಕೆ ಬಿಟ್ಟು ಮಾತನಾಡಿ

ಕೊನೆಯದಾಗಿ, ಮೊದಲಲ್ಲಿ ಹೇಳಿದ ಆ ಹೆದರಿಕೆಯ ಬಗ್ಗೆ. ಹೊಟ್ಟೆಯ ಕಾರಣಕ್ಕೆ ವುಝೂ ಉಳಿಸಿಕೊಳ್ಳಲಾಗದೆ ಒದ್ದಾಡುವವರು ನೀವೊಬ್ಬರೇ ಅಲ್ಲ. ನಿರಂತರ ತೊಂದರೆ ಇರುವವರಿಗೆ ಧರ್ಮಶಾಸ್ತ್ರದಲ್ಲಿ ರಿಯಾಯಿತಿ ಇದೆ. ನಿಮ್ಮ ಸ್ಥಿತಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಬಲ್ಲ ವಿದ್ವಾಂಸರ ಬಳಿ ಒಮ್ಮೆ ಕೇಳಿ ತಿಳಿದುಕೊಳ್ಳಿ. ಕೇಳದೆ ಮನೆಯಲ್ಲೇ ಕೂತರೆ ಹೆದರಿಕೆ ಬೆಳೆಯುತ್ತದೆ, ಹೆದರಿಕೆ ಬೆಳೆದಷ್ಟೂ ಕರುಳು ಕೆರಳುತ್ತದೆ.

ಮನೆಯವರೇ, ನಿಮ್ಮ ಮನೆಯಲ್ಲಿ "ಸ್ವಲ್ಪ ಗ್ಯಾಸ್" ಎಂದು ಮಾತು ಮುಗಿಸುವವರಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಹತ್ತಿರ ಕುಳಿತು ಕೇಳಿ: ಎಷ್ಟು ದಿನದಿಂದ? ರಕ್ತ ಹೋಗುತ್ತದೆಯೇ? ತೂಕ ಇಳಿದಿದೆಯೇ? ರಾತ್ರಿ ಎಚ್ಚರವಾಗುತ್ತದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಖರ್ಚಿಲ್ಲ. ಉತ್ತರ ಸಿಕ್ಕ ಮೇಲೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೋ ಮೆಡಿಕಲ್ ಶಾಪಿಗೋ ಎಂಬುದು ತಾನಾಗಿ ತಿಳಿಯುತ್ತದೆ.